ಏಳನೇ ತಿಂಗಳ ಚುಚ್ಚುಮದ್ದು: ಗಡಿ ದಾಟುವ ಬಸುರಿಯರ ಲಸಿಕೆ ಲೆಕ್ಕ ಎಲ್ಲಿ ತಪ್ಪುತ್ತದೆ?

ಕಾಸರಗೋಡಿನ ಕನ್ನಡ, ತುಳು ಮನೆಗಳಲ್ಲಿ ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ ಏಳನೇ ತಿಂಗಳಲ್ಲಿ ಸೀಮಂತ ಮಾಡಿ ತವರಿಗೆ ಕಳಿಸುತ್ತಾರೆ. ಉಪ್ಪಳದ ಸೊಸೆ ಬಂಟ್ವಾಳಕ್ಕೆ ಹೋಗುತ್ತಾಳೆ, ಪುತ್ತೂರಿನ ಸೊಸೆ ಪೆರ್ಲಕ್ಕೆ ಬರುತ್ತಾಳೆ. ಮನೆ ಬದಲಾಗುತ್ತದೆ, ಡಾಕ್ಟರು ಬದಲಾಗುತ್ತಾರೆ, ತಲಪಾಡಿಯನ್ನೋ ಅಡ್ಕಸ್ಥಳವನ್ನೋ ದಾಟಿದರೆ ರಾಜ್ಯವೇ ಬದಲಾಗುತ್ತದೆ. ಗರ್ಭದ 27ರಿಂದ 36ನೇ ವಾರ ಎಂದರೆ ಹೆಚ್ಚುಕಡಿಮೆ ಇದೇ ಹೊತ್ತು. ಹುಟ್ಟಲಿರುವ ಮಗುವಿಗೆ ತಾಯಿಯ ರಕ್ತದ ಮೂಲಕ ರೋಗ ತಡೆಯುವ ಶಕ್ತಿಯನ್ನು ದಾಟಿಸಲು ಅತಿ ಹೆಚ್ಚು ಫಲ ಕೊಡುವ ವಾರಗಳೂ ಇವೇ.

ಗರ್ಭಿಣಿಯರ ಲಸಿಕೆಯ ಮಾತು ಬಂದಾಗಲೆಲ್ಲ ಚರ್ಚೆ ‘ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆದೀತೇ’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಕೇಳಲೇಬೇಕಾದ ಪ್ರಶ್ನೆ ಅದು, ಉತ್ತರವನ್ನು ಮುಂದೆ ನೋಡೋಣ. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂಥ ಊರುಗಳಲ್ಲಿ ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು: ಯಾವ ಲಸಿಕೆ, ಯಾವ ವಾರದಲ್ಲಿ, ಹಾಕಿದ್ದನ್ನು ಬರೆದಿಟ್ಟದ್ದು ಎಲ್ಲಿ? ಹೆದರಿಕೆಯೇ ಇಲ್ಲದ ಮನೆಗಳಲ್ಲೂ ಲಸಿಕೆ ತಪ್ಪಿಹೋಗುವುದು ಈ ಮೂರರಲ್ಲಿ ಒಂದು ಕೈಕೊಟ್ಟಾಗ.

ತಾಯಿಗೆ ಚುಚ್ಚಿದರೆ ಮಗುವಿಗೆ ಹೇಗೆ?

ಲಸಿಕೆ ಹಾಕಿಸಿಕೊಂಡ ಸುಮಾರು ಎರಡು ವಾರಗಳಲ್ಲಿ ತಾಯಿಯ ರಕ್ತದಲ್ಲಿ ಆ ರೋಗಕ್ಕೆ ಎದುರಾದ ಪ್ರತಿಕಾಯಗಳು ಚೆನ್ನಾಗಿ ಏರುತ್ತವೆ. ಅವುಗಳಲ್ಲಿ ಐಜಿಜಿ ಎಂಬ ಬಗೆಯವನ್ನು ಮಾಸು, ಅಂದರೆ ಪ್ಲಾಸೆಂಟಾ, ತಾನಾಗಿ ಹಿಡಿದು ಮಗುವಿನ ಕಡೆಗೆ ಸಾಗಿಸುತ್ತದೆ. ಈ ಸಾಗಾಟ ನಾಲ್ಕನೇ ತಿಂಗಳ ಹೊತ್ತಿಗೇ ಶುರುವಾದರೂ ಮೊದಲು ತೀರಾ ಕಡಿಮೆ. 28 ವಾರ ಕಳೆದ ಮೇಲೆ ಚುರುಕಾಗುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಈ ಪ್ರತಿಕಾಯಗಳು ತಾಯಿಯಲ್ಲಿ ಇರುವುದಕ್ಕಿಂತ ಹೆಚ್ಚೇ ಇರುವುದುಂಟು. ತೀರಾ ಬೇಗ ಹಾಕಿಸಿಕೊಂಡರೆ, ಸಾಗಾಟ ಜೋರಾಗುವ ಹೊತ್ತಿಗೆ ತಾಯಿಯಲ್ಲೇ ಮಟ್ಟ ಇಳಿದಿರುತ್ತದೆ. ತೀರಾ ತಡವಾದರೆ, ಮಟ್ಟ ಏರುವ ಮೊದಲೇ ಹೆರಿಗೆ ಆಗಿಹೋಗುತ್ತದೆ. 27ರಿಂದ 36 ವಾರ ಎಂಬ ಲೆಕ್ಕ ಬಂದದ್ದು ಹೀಗೆ.

ಮಗುವಿಗೇ ಲಸಿಕೆ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ಸರಕಾರಿ ಲಸಿಕೆ ಪಟ್ಟಿಯಲ್ಲಿ ಮಗು ಹುಟ್ಟಿದಾಗ ಸಿಗುವುದು ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ನಾಯಿಕೆಮ್ಮು, ಗಂಟಲಮಾರಿ (ಡಿಫ್ತೀರಿಯಾ), ಧನುರ್ವಾಯುವಿನ (ಟೆಟನಸ್) ಅಂಶ ಇರುವ ಪೆಂಟಾವಲೆಂಟ್ ಲಸಿಕೆ ಶುರುವಾಗುವುದು 6ನೇ ವಾರದಲ್ಲಿ. ನಂತರ 10 ಮತ್ತು 14ನೇ ವಾರ. ಮೊದಲ ಡೋಸಿಗೇ ಪೂರ್ತಿ ರಕ್ಷಣೆ ಬರುವುದಿಲ್ಲ. ಅಂದರೆ ಹುಟ್ಟಿದಂದಿನಿಂದ ಸುಮಾರು ಮೂರು ತಿಂಗಳು ಮಗುವಿಗೆ ತನ್ನದೇ ಆದ ಕಾವಲು ಅರೆಬರೆ. ನಾಯಿಕೆಮ್ಮಿನಿಂದ ಸಾಯುವ ಕೂಸುಗಳಲ್ಲಿ ಹೆಚ್ಚಿನವು ಈ ವಯಸ್ಸಿನವೇ. ಫ್ಲೂ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು: ಆರು ತಿಂಗಳು ತುಂಬದ ಮಗುವಿಗೆ ಕೊಡಬಹುದಾದ ಫ್ಲೂ ಲಸಿಕೆಯೇ ಇಲ್ಲ.

ಟಿಟಿ ಅಲ್ಲ, ಟಿಡಿ

ಮನೆಯ ಹಿರಿಯರು ಈಗಲೂ ‘ಟಿಟಿ ಆಯಿತಾ?’ ಎಂದೇ ಕೇಳುತ್ತಾರೆ. ಟಿಟಿ ಎಂದರೆ ಧನುರ್ವಾಯುವಿನ ಲಸಿಕೆ. ಸರಕಾರಿ ಕೇಂದ್ರಗಳಲ್ಲಿ 2019ರಿಂದ ಅದರ ಜಾಗಕ್ಕೆ ಟಿಡಿ ಬಂದಿದೆ. ಇದರಲ್ಲಿ ಧನುರ್ವಾಯುವಿನ ಅಂಶದ ಜೊತೆಗೆ ಗಂಟಲಮಾರಿಯ ಅಂಶ ಸಣ್ಣ ಪ್ರಮಾಣದಲ್ಲಿ ಇರುತ್ತದೆ. ಚಿಕ್ಕಂದಿನಲ್ಲಿ ಹಾಕಿಸಿದ ಗಂಟಲಮಾರಿ ಲಸಿಕೆಯ ಬಲ ವಯಸ್ಸಾದಂತೆ ಕುಗ್ಗುತ್ತದೆ, ಆಗ ದೊಡ್ಡವರಿಗೂ ರೋಗ ತಗಲುತ್ತದೆ ಎಂಬುದು ಬದಲಾವಣೆಗೆ ಕಾರಣ. ಕೇರಳದವರಿಗೆ ಇದು ದೂರದ ಮಾತಲ್ಲ. 2016ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಕಾಣಿಸಿಕೊಂಡು ಸಾವುಗಳಾದವು.

ಡೋಸ್ 0.5 ಮಿಲಿ, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಮೊದಲನೆಯದು ಗರ್ಭ ಖಚಿತವಾಗಿ ಹೆಸರು ನೋಂದಾಯಿಸಿದ ಕೂಡಲೇ, ಎರಡನೆಯದು ನಾಲ್ಕು ವಾರ ಬಿಟ್ಟು. ಹಿಂದಿನ ಬಸುರಿನಲ್ಲಿ ಎರಡು ಡೋಸ್ ಆಗಿದ್ದು, ಮೂರು ವರ್ಷದೊಳಗೆ ಮತ್ತೆ ಗರ್ಭ ನಿಂತಿದ್ದರೆ ಒಂದೇ ಬೂಸ್ಟರ್ ಸಾಕು. 36ನೇ ವಾರದೊಳಗೆ ಮುಗಿಸಬೇಕು ಎಂಬುದು ನಿಯಮ. ಹಾಗೆಂದು 37ನೇ ವಾರದಲ್ಲಿ ಬಂದವಳನ್ನು ‘ಹೊತ್ತು ಮೀರಿತು’ ಎಂದು ವಾಪಸು ಕಳಿಸಬಾರದು. ಹೆರಿಗೆ ನೋವು ಶುರುವಾದ ಮೇಲೆ ಬಂದರೂ, ಹಿಂದೆ ಹಾಕಿಸಿಲ್ಲವಾದರೆ ಕೊಡಬೇಕೆಂದೇ ಸೂಚನೆ ಇದೆ.

ಮೊದಲ ಡೋಸ್ ತಡವಾಗಲು ಒಂದು ಕಾರಣ ನಮ್ಮ ಮನೆಗಳಲ್ಲೇ ಇದೆ: ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಹೊರಗೆ ಹೇಳುವುದಿಲ್ಲ. ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ. ಗುಟ್ಟನ್ನು ನೆಂಟರಿಂದ ಮುಚ್ಚಿಡಿ, ಆಶಾಳಿಂದ ಬೇಡ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಇಳಿದುಹೋಗುತ್ತವೆ, ಬಹುಪಾಲು ಭ್ರೂಣದ ವರ್ಣತಂತುಗಳ ದೋಷದಿಂದ. ಆ ವಾರವೇ ಚುಚ್ಚುಮದ್ದು ಆಗಿದ್ದರೆ ದೂರು ಅದರ ಮೇಲೆ ಬೀಳುತ್ತದೆ. ಕಾಲ ಕೂಡಿಬಂದದ್ದನ್ನು ಕಾರಣ ಎಂದು ತಿಳಿಯುವುದರಿಂದ ಎಷ್ಟೋ ಊರುಗಳಲ್ಲಿ ಸುದ್ದಿ ಹಬ್ಬಿದೆ. ‘ಮುಂದೆ ಮಕ್ಕಳಾಗದಂತೆ ಮಾಡುವ ಮದ್ದು’ ಎಂಬ ಮಾತೂ ಈ ಲಸಿಕೆಯ ಬೆನ್ನಿಗೆ ಬಹಳ ಕಾಲದಿಂದ ಅಂಟಿಕೊಂಡಿದೆ, ಬುಡವಿಲ್ಲದ ಮಾತು. ಎರಡು, ಮೂರು ಹೆರಿಗೆಗೂ ಟಿಟಿ ಹಾಕಿಸಿಕೊಂಡ ಅಜ್ಜಿ, ಅತ್ತೆಯರು ಪ್ರತಿ ಮನೆಯಲ್ಲೂ ಇದ್ದಾರೆ.

ಧನುರ್ವಾಯು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಹೊಕ್ಕುಳಬಳ್ಳಿಯ ಗಾಯದಿಂದ ಕೂಸಿನ ಮೈಗೆ ಸೇರುತ್ತದೆ. ಹಾಗಾಗಿ ಊರಲ್ಲಿ ಉಳಿದವರೆಲ್ಲ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ಒಬ್ಬಳಿಗೆ ಅದರಿಂದ ರಕ್ಷಣೆ ಇಲ್ಲ. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿವಾರಣೆಯಾಗಿದೆ ಎಂದು 2015ರಲ್ಲಿ ದೃಢಪಟ್ಟಿತು. ಮಣ್ಣಿನಿಂದ ರೋಗಾಣು ಹೋಗಿಲ್ಲ. ಸುರಕ್ಷಿತ ಹೆರಿಗೆ ಮತ್ತು ಲಸಿಕೆ ಎರಡೂ ಇರುವ ತನಕ ಅದು ಕೂಸಿಗೆ ತಗಲದೆ ಇದೆ, ಅಷ್ಟೇ.

ನಾಯಿಕೆಮ್ಮು: ಸರಕಾರಿ ಪಟ್ಟಿಯಲ್ಲಿಲ್ಲದ ಲಸಿಕೆ

ಟಿಡಿಗೆ ನಾಯಿಕೆಮ್ಮಿನ ಅಂಶ ಸೇರಿದರೆ ಟಿಡ್ಯಾಪ್. ಗರ್ಭಿಣಿಯರಿಗೆ ಇದನ್ನು 27ರಿಂದ 36 ವಾರಗಳ ನಡುವೆ ಕೊಡಬೇಕೆಂದು ದೇಶದ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಾಗ್ಸಿ ಹೇಳುತ್ತದೆ. ಸರಕಾರಿ ಕಾರ್ಯಕ್ರಮದಲ್ಲಿ ಮಾತ್ರ ಇದು ಇಲ್ಲ. ಖಾಸಗಿಯಲ್ಲಿ ಒಂದು ಡೋಸಿಗೆ ಸಾವಿರ ರೂಪಾಯಿಗಿಂತ ಮೇಲೆ ಬೀಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಾತ್ರ ಹೋಗುವ ಬೀಡಿ ಕಟ್ಟುವವಳಿಗೆ, ಗೇರುಬೀಜದ ಕಾರ್ಖಾನೆಗೆ ಹೋಗುವವಳಿಗೆ ಇಂಥದ್ದೊಂದು ಇದೆ ಎಂದೇ ಗೊತ್ತಾಗುವುದಿಲ್ಲ. ಇದು ನೀತಿಯ ಲೋಪ, ಆಕೆಯ ಅಜ್ಞಾನವಲ್ಲ. ಅಡಿಕೆ ತೋಟದ ಯಜಮಾನನ ಮಗುವಿಗೆ ಸಿಗುವ ರಕ್ಷಣೆ ಅದೇ ತೋಟದಲ್ಲಿ ದುಡಿಯುವವಳ ಮಗುವಿಗೆ ಸಿಗದಿರಲು ವೈದ್ಯಕೀಯ ಕಾರಣ ಒಂದೂ ಇಲ್ಲ.

ನಾಯಿಕೆಮ್ಮು ದೊಡ್ಡವರಲ್ಲಿ ವಾರಗಟ್ಟಲೆ ಬಿಡದ ಕೆಮ್ಮು, ಅಷ್ಟೇ. ಎಷ್ಟೋ ಜನ ಅದಕ್ಕೆ ಕಷಾಯ ಕುಡಿದು ತಿರುಗಾಡಿಕೊಂಡಿರುತ್ತಾರೆ. ತಿಂಗಳ ಕೂಸಿನಲ್ಲಿ ಅದು ಕೆಮ್ಮಿನ ರೂಪದಲ್ಲಿ ಕಾಣಿಸಬೇಕೆಂದೇ ಇಲ್ಲ. ಹಾಲು ಕುಡಿಯುತ್ತಾ ಕುಡಿಯುತ್ತಾ ಉಸಿರು ನಿಲ್ಲುತ್ತದೆ, ತುಟಿ ನೀಲಿಯಾಗುತ್ತದೆ, ಮತ್ತೆ ಉಸಿರು ಬರುತ್ತದೆ. ಹೆಸರಿಗೆ ಕಾರಣವಾದ ಆ ಊಳಿಡುವಂಥ ಸದ್ದು ಅಷ್ಟು ಸಣ್ಣ ಮಕ್ಕಳಲ್ಲಿ ಹೆಚ್ಚಾಗಿ ಕೇಳಿಸುವುದೇ ಇಲ್ಲ. ‘ಶೀತ’ ಎಂದು ಎರಡು ದಿನ ಕಾದರೆ ಕೂಸಿನ ಜೀವಕ್ಕೇ ಅಪಾಯ.

ಬ್ರಿಟನ್‌ನಲ್ಲಿ 2012ರಲ್ಲಿ ಹೀಗೆ ಕೂಸುಗಳು ಸತ್ತಾಗ ಆ ಅಕ್ಟೋಬರಿನಿಂದ ಎಲ್ಲ ಗರ್ಭಿಣಿಯರಿಗೂ ನಾಯಿಕೆಮ್ಮಿನ ಲಸಿಕೆ ಉಚಿತವಾಗಿ ಕೊಡಲು ಶುರುಮಾಡಿದರು. ಲಸಿಕೆ ಪಡೆದ ತಾಯಂದಿರ ಎಳೆಗೂಸುಗಳಲ್ಲಿ ರೋಗ ಸುಮಾರು ಶೇ. 90ರಷ್ಟು ಕಡಿಮೆ ಕಂಡಿತು. ಅಲ್ಲಿನ ಸುಮಾರು 20 ಸಾವಿರ ಲಸಿಕೆ ಪಡೆದ ಗರ್ಭಿಣಿಯರ ದಾಖಲೆ ಪರಿಶೀಲಿಸಿದಾಗ ಹೊಟ್ಟೆಯಲ್ಲೇ ಮಗು ಸಾಯುವುದು ಹೆಚ್ಚಾಗಿರಲಿಲ್ಲ. 2024ರಲ್ಲಿ ಇಂಗ್ಲೆಂಡಿನಲ್ಲಿ ನಾಯಿಕೆಮ್ಮು ಮತ್ತೆ ಜೋರಾಗಿ ಎದ್ದು, ಹತ್ತಕ್ಕೂ ಹೆಚ್ಚು ಶಿಶುಗಳು ಸತ್ತವು; ಗರ್ಭಿಣಿಯರು ಲಸಿಕೆ ಹಾಕಿಸಿಕೊಳ್ಳುವ ಪ್ರಮಾಣ ಅದಕ್ಕೂ ಹಿಂದಿನ ವರ್ಷಗಳಲ್ಲಿ ಇಳಿಯುತ್ತಾ ಬಂದಿತ್ತು.

ಹಾಕಿಸಿಕೊಳ್ಳುವವರು ಲೆಕ್ಕ ಹೀಗಿಟ್ಟುಕೊಳ್ಳಬಹುದು. ಮೊದಲ ಟಿಡಿ ಆರೋಗ್ಯ ಕೇಂದ್ರದಲ್ಲಿ, ಎರಡನೇ ಟಿಡಿಯ ಬದಲಿಗೆ 27ನೇ ವಾರದ ನಂತರ ಟಿಡ್ಯಾಪ್. ನಡುವೆ ನಾಲ್ಕು ವಾರವಾದರೂ ಅಂತರ ಇರಬೇಕು. ಟಿಡ್ಯಾಪ್‌ನಲ್ಲಿ ಧನುರ್ವಾಯು, ಗಂಟಲಮಾರಿಯ ಅಂಶ ಇದ್ದೇ ಇರುವುದರಿಂದ ಮತ್ತೊಂದು ಟಿಡಿ ಬೇಡ. ಆದರೆ ಇದನ್ನು ಜೆಪಿಎಚ್‌ಎನ್ ಸಿಸ್ಟರಿಗೆ, ಅಂದರೆ ಆರೋಗ್ಯ ಕೇಂದ್ರದ ನರ್ಸಿಗೆ, ಮೊದಲೇ ತಿಳಿಸದಿದ್ದರೆ ಅವರ ಪುಸ್ತಕದಲ್ಲಿ ‘ಎರಡನೇ ಡೋಸ್ ಬಾಕಿ’ ಎಂದೇ ಉಳಿಯುತ್ತದೆ. ಲಸಿಕೆ ದಿನವಾದ ಬುಧವಾರ ಬಂದಾಗಲೆಲ್ಲ ಮನೆಗೆ ಫೋನ್ ಬರುತ್ತಿರುತ್ತದೆ. ಪ್ರತಿ ಬಸುರಿಗೂ ಟಿಡ್ಯಾಪ್ ಹೊಸದಾಗಿ ಬೇಕು, ಏಕೆಂದರೆ ನಾಯಿಕೆಮ್ಮಿನ ಪ್ರತಿಕಾಯಗಳು ಒಂದೆರಡು ವರ್ಷಗಳಲ್ಲೇ ಇಳಿದುಬಿಡುತ್ತವೆ.

ಮೆಡಿಕಲ್ ಶಾಪಿನಲ್ಲಿ ಕೊಳ್ಳುವಾಗ ಎರಡು ತಪ್ಪು ಆಗುವುದುಂಟು. ಮೊದಲನೆಯದು ಹೆಸರಿನದು. ಇಂಗ್ಲಿಷಿನಲ್ಲಿ ಬರೆದಾಗ ಟಿಡ್ಯಾಪ್‌ನ ‘ಟಿ’ ದೊಡ್ಡ ಅಕ್ಷರ, ‘ಡಿ’ ಮತ್ತು ‘ಪಿ’ ಸಣ್ಣ ಅಕ್ಷರ; ಸಣ್ಣ ಅಕ್ಷರ ಎಂದರೆ ಆ ಅಂಶದ ಪ್ರಮಾಣ ಕಡಿಮೆ, ದೊಡ್ಡವರ ಅಳತೆಯದು. ಮಕ್ಕಳ ಲಸಿಕೆಯಲ್ಲಿ ‘ಡಿ’, ‘ಟಿ’, ‘ಪಿ’ ಮೂರೂ ದೊಡ್ಡ ಅಕ್ಷರ. ಅದೇ ಅಕ್ಷರಗಳು ಹಿಂದುಮುಂದಾಗಿರುವುದರಿಂದ ಚೀಟಿ ಅವಸರದಲ್ಲಿ ಓದಿದವರು ಮಕ್ಕಳದನ್ನು ಕೊಟ್ಟಾರು. ಪೆಟ್ಟಿಗೆಯ ಮೇಲೆ ಯಾವ ವಯಸ್ಸಿನವರಿಗೆ ಎಂದಿದೆ ನೋಡಿ ತನ್ನಿ. ಎರಡನೆಯದು ತರುವ ರೀತಿಯದು. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಬಿಸಿಲಿಗಿಂತ ಮಂಜುಗಡ್ಡೆಯೇ ಇದಕ್ಕೆ ದೊಡ್ಡ ಶತ್ರು: ಹೆಪ್ಪುಗಟ್ಟಿದರೆ ಅದರಲ್ಲಿರುವ ಅಲ್ಯುಮಿನಿಯಂ ಲವಣದ ಕಣಗಳು ಗಂಟುಗಟ್ಟಿ ಮದ್ದಿನ ಬಲ ಹೋಗುತ್ತದೆ, ಕರಗಿದ ಮೇಲೆ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣಬಹುದು. ಮಂಗಳೂರಿನಿಂದ ತರುವಾಗ ಐಸಿಗೆ ನೇರ ತಾಗದಂತೆ ದಪ್ಪ ಕಾಗದದಲ್ಲಿ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡಬೇಕು. ಮನೆಯ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟು ಹಾಕಿಸಿಕೊಳ್ಳುವ ಯೋಚನೆ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವ ಪರಿ ಎಲ್ಲರಿಗೂ ಗೊತ್ತು. ಚುಚ್ಚುವ ಆಸ್ಪತ್ರೆಯಲ್ಲೇ ದಾಸ್ತಾನು ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡು ಹೋಗುವುದು ಎಲ್ಲಕ್ಕಿಂತ ವಾಸಿ.

ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ

2009ರ ಎಚ್1ಎನ್1 ಜಗತ್ತಿಗೇ ತೋರಿಸಿಕೊಟ್ಟ ಒಂದು ವಿಷಯ ಗರ್ಭಿಣಿಯರಿಗೆ ಫ್ಲೂ ಜ್ವರ ಬೇರೆಯವರಿಗಿಂತ ಬೇಗ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂಬುದು. ಗರ್ಭಕೋಶ ಮೇಲೇರಿ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ಒತ್ತುತ್ತದೆ, ಹೃದಯದ ಕೆಲಸ ಮೊದಲೇ ಹೆಚ್ಚಾಗಿರುತ್ತದೆ, ರೋಗನಿರೋಧಕ ವ್ಯವಸ್ಥೆಯ ವರಸೆಯೂ ಬದಲಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಫ್ಲೂ ಲಸಿಕೆಗೆ ಗರ್ಭಿಣಿಯರನ್ನೇ ಮೊದಲ ಆದ್ಯತೆಯಾಗಿಟ್ಟಿತು. ಢಾಕಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆ ಪಡೆದ ತಾಯಂದಿರ ಮಕ್ಕಳಲ್ಲಿ ಆರು ತಿಂಗಳವರೆಗೆ ಪರೀಕ್ಷೆಯಿಂದ ಖಚಿತಪಟ್ಟ ಫ್ಲೂ ಶೇ. 63ರಷ್ಟು ಕಡಿಮೆಯಾಗಿತ್ತು. ನಮ್ಮಂಥದೇ ಹವೆ, ನಮ್ಮಂಥದೇ ಜನದಟ್ಟಣೆಯ ಊರಿನ ಲೆಕ್ಕ ಅದು.

ಗರ್ಭದ ಯಾವ ತಿಂಗಳಲ್ಲಾದರೂ ಕೊಡಬಹುದು. ನಮ್ಮಲ್ಲಿ ಹೆಚ್ಚಿನ ಡಾಕ್ಟರರು 26 ವಾರ ಕಳೆಯಲಿ ಎನ್ನುತ್ತಾರೆ, ಆದರೆ ಸುತ್ತಮುತ್ತ ಜ್ವರ ಹಬ್ಬಿದ್ದರೆ ಕಾಯಬಾರದು. ಇಲ್ಲಿ ವಾರಕ್ಕಿಂತ ತಿಂಗಳು ಮುಖ್ಯ. ಕರಾವಳಿಯಲ್ಲಿ ಫ್ಲೂ ಏರುವುದು ಮಳೆ ಹಿಡಿದ ಮೇಲೆ, ಜೂನ್‌ನಿಂದ. ಲಸಿಕೆ ಕೆಲಸ ಮಾಡಲು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಆ ವರ್ಷಕ್ಕೆ ದಕ್ಷಿಣ ಗೋಳಾರ್ಧದ ದೇಶಗಳಿಗೆಂದು ತಯಾರಾದ ಲಸಿಕೆ ಬಂದಿದೆಯೇ ಎಂದು ಕೇಳಿ ಹಾಕಿಸಿಕೊಳ್ಳುವುದು ಸರಿಯಾದ ಲೆಕ್ಕ. ಪೆಟ್ಟಿಗೆಯ ಮೇಲೆ ವರ್ಷ ಅಚ್ಚಾಗಿರುತ್ತದೆ. ಹೋದ ವರ್ಷದ್ದು ಬೇಡ. ಚುಚ್ಚುವ ಲಸಿಕೆಯೇ ಆಗಬೇಕು, ಮೂಗಿಗೆ ಬಿಡುವ ಜೀವಂತ ಲಸಿಕೆ ಗರ್ಭಿಣಿಗೆ ಸಲ್ಲ. ಮೊಟ್ಟೆ ಆಗದವರೂ ಇದನ್ನು ಪಡೆಯಬಹುದು. ಟಿಡ್ಯಾಪ್ ಮತ್ತು ಫ್ಲೂ ಎರಡನ್ನೂ ಒಂದೇ ದಿನ ಎರಡು ತೋಳುಗಳಿಗೆ ಕೊಡಲು ಅಡ್ಡಿಯಿಲ್ಲ. ಸೀಮಂತಕ್ಕೆ ಮೊದಲಿನ ಚೆಕಪ್‌ನಲ್ಲಿ ಎರಡೂ ಮುಗಿದರೆ, ತವರಿಗೆ ಹೋದ ಮೇಲೆ ಹೊಸ ಡಾಕ್ಟರ ಹತ್ತಿರ ಇದನ್ನೆಲ್ಲ ಮೊದಲಿನಿಂದ ವಿವರಿಸುವ ಕಷ್ಟ ತಪ್ಪುತ್ತದೆ.

ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು. ಗರ್ಭಿಣಿಗೆ ಜ್ವರ, ಗಂಟಲು ನೋವು, ಕೆಮ್ಮು ಒಟ್ಟಿಗೆ ಬಂದರೆ ಒಸೆಲ್ಟಾಮಿವಿರ್ ಎಂಬ ಫ್ಲೂ ಮಾತ್ರೆಯನ್ನು 48 ಗಂಟೆಯೊಳಗೆ ಶುರುಮಾಡಿದರೆ ಫಲ ಹೆಚ್ಚು. ಪರೀಕ್ಷೆಯ ವರದಿಗೆ ಕಾಯಬೇಕಾಗಿಲ್ಲ. ಮನೆ ಪಕ್ಕದ ಮೆಡಿಕಲ್‌ನಿಂದ ಆಂಟಿಬಯೋಟಿಕ್ ತಂದು ಮೂರು ದಿನ ಕಳೆಯುವುದರಿಂದ ಆ ಗಡುವು ತಪ್ಪಿಹೋಗುತ್ತದೆ.

ಬಸುರಿನಲ್ಲಿ ಬೇಡದವು, ಬಸುರಿಗೆ ಮೊದಲು ಬೇಕಾದವು

ಗರ್ಭಿಣಿಗೆ ಹಾಕಿಸಬೇಕೆಂದು ಮೇಲೆ ಹೇಳಿದವೆಲ್ಲ ನಿರ್ಜೀವ ಲಸಿಕೆಗಳು. ಅವುಗಳಲ್ಲಿ ರೋಗಾಣುವಿನ ಸತ್ತ ಚೂರು ಅಥವಾ ಪಳಗಿಸಿದ ವಿಷಾಂಶ ಮಾತ್ರ ಇರುತ್ತದೆ. ಅದು ಮೈಯಲ್ಲಿ ಬೆಳೆಯಲಾರದು, ಮಗುವನ್ನು ಸೋಂಕಿಸಲಾರದು. ದಡಾರ-ರುಬೆಲ್ಲಾದ ಎಂಆರ್ ಮತ್ತು ಎಂಎಂಆರ್, ಚಿಕನ್‌ಪಾಕ್ಸ್, ಹಳದಿ ಜ್ವರ, ಬಿಸಿಜಿ ಜೀವಂತ ಲಸಿಕೆಗಳು. ದುರ್ಬಲಗೊಳಿಸಿದ ಜೀವಾಣು ಅವುಗಳಲ್ಲಿ ಇರುವುದರಿಂದ ಗರ್ಭಿಣಿಗೆ ಕೊಡುವುದಿಲ್ಲ, ಹಾಕಿಸಿಕೊಂಡ ಮೇಲೆ ನಾಲ್ಕು ವಾರ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಗೊತ್ತಿಲ್ಲದೆ ಹಾಕಿಸಿಕೊಂಡ ವಾರವೇ ಗರ್ಭ ನಿಂತಿದೆ ಎಂದು ತಿಳಿದರೆ ಗಾಬರಿಬಿದ್ದು ತೆಗೆಸುವುದು ಬೇಡ. ರುಬೆಲ್ಲಾ ಲಸಿಕೆ ಅಕಸ್ಮಾತ್ ಪಡೆದ ಗರ್ಭಿಣಿಯರ ಮಕ್ಕಳನ್ನು ಹಲವು ದೇಶಗಳಲ್ಲಿ ಗಮನಿಸಿದ್ದಾರೆ. ಲಸಿಕೆಯಿಂದ ಅಂಗವೈಕಲ್ಯ ಬಂದದ್ದು ಕಂಡಿಲ್ಲ.

ರುಬೆಲ್ಲಾ ರೋಗವೇ ಬಂದರೆ ಮಾತು ಬೇರೆ. ಮೊದಲ ಮೂರು ತಿಂಗಳಲ್ಲಿ ತಾಯಿಗೆ ತಗಲಿದರೆ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೂತು ಬರಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಮೊದಲು ಗುರುತಿಸಿದರು. ಕೇರಳದಲ್ಲಿ 2017ರ ಅಕ್ಟೋಬರಿನಲ್ಲಿ, ಕರ್ನಾಟಕದಲ್ಲಿ ಅದೇ ವರ್ಷದ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನವರಿಗೆ ಎಂಆರ್ ಅಭಿಯಾನ ನಡೆಯಿತು. ಲೆಕ್ಕ ಹಾಕಿ ನೋಡಿ: 2002ಕ್ಕಿಂತ ಮೊದಲು ಹುಟ್ಟಿದ ಹೆಣ್ಣುಮಕ್ಕಳು ಆ ಅಭಿಯಾನದ ಹೊರಗೆ ಉಳಿದವರು. ಖಾಸಗಿಯಾಗಿ ಎಂಎಂಆರ್ ಹಾಕಿಸಿದ ದಾಖಲೆ ಇಲ್ಲದಿದ್ದರೆ ಮದುವೆ ನಿಶ್ಚಯವಾದಾಗಲೇ ಹಾಕಿಸುವುದು ಒಳ್ಳೆಯದು. ಮದುವೆಗೆ ಎರಡು ತಿಂಗಳಾದರೂ ಇರುತ್ತದೆ. ಆಗಲಿಲ್ಲವೇ, ಹೆರಿಗೆಯಾಗಿ ಆಸ್ಪತ್ರೆಯಿಂದ ಹೊರಡುವ ಮೊದಲು. ಹಾಲೂಡಿಸುವ ತಾಯಿಗೆ ಇದರಿಂದ ತೊಂದರೆ ಇಲ್ಲ. ಮನೆಯಲ್ಲಿರುವ ದೊಡ್ಡ ಮಗುವಿಗೆ ಎಂಆರ್ ಹಾಕಿಸಿದರೆ ಬಸುರಿ ತಾಯಿಗೆ ಅಂಟುವುದಿಲ್ಲ, ಅದನ್ನು ಮುಂದೂಡಬೇಡಿ.

ಚಿಕನ್‌ಪಾಕ್ಸ್ ಬಂದ ಮನೆಗೆ ಹೋಗಿಬಂದ ಗರ್ಭಿಣಿ, ತನಗೆ ಹಿಂದೆ ಅದು ಬಂದದ್ದು ಖಚಿತವಿಲ್ಲದಿದ್ದರೆ, ಮೈಮೇಲೆ ಗುಳ್ಳೆ ಏಳುವ ತನಕ ಕಾಯದೆ ಡಾಕ್ಟರನ್ನು ಕಾಣಬೇಕು. ಸಂಪರ್ಕವಾದ ಹತ್ತು ದಿನಗಳೊಳಗೆ ಕೊಡಬಹುದಾದ ಇಮ್ಯುನೋಗ್ಲೋಬುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಇದೆ. ಗುಳ್ಳೆ ಎದ್ದರೆ 24 ಗಂಟೆಯೊಳಗೆ ಅಸೈಕ್ಲೋವಿರ್ ಎಂಬ ವೈರಸ್ ತಡೆಯುವ ಮದ್ದು ಶುರುವಾಗಬೇಕು. ‘ಅಮ್ಮ ಬಂದಿದ್ದಾಳೆ, ಮದ್ದು ಮಾಡಬಾರದು’ ಎಂದು ಬೇವಿನ ಸೊಪ್ಪಿನಲ್ಲಿ ಮಲಗಿಸಿದರೆ ಗರ್ಭಿಣಿಗೆ ನ್ಯುಮೋನಿಯಾ ಆಗುವ ಅಪಾಯ ದೊಡ್ಡದು.

ನಾಯಿ ಕಚ್ಚಿದಾಗ ಮಾತ್ರ ಯಾವ ವಾರ, ಯಾವ ತಿಂಗಳು ಎಂಬ ಲೆಕ್ಕವೇ ಇಲ್ಲ. ರೇಬಿಸ್ ಬಂದರೆ ಸಾವು ಖಚಿತ. ಲಸಿಕೆ ನಿರ್ಜೀವ, ಗರ್ಭಿಣಿಗೂ ಹಾಲೂಡಿಸುವವಳಿಗೂ ಎಲ್ಲರಿಗೆ ಕೊಡುವಷ್ಟೇ ಪ್ರಮಾಣ. ಮೊದಲು ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸರಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಕ್ರಮವಾದರೆ ಎರಡೂ ತೋಳುಗಳಿಗೆ 0.1 ಮಿಲಿಯಂತೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮವಾದರೆ 0, 3, 7, 14, 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬುಲಿನ್ ಕೂಡ ಬೇಕು. ಕುಂಬಳೆಯಲ್ಲಿ ಶುರುಮಾಡಿ ವಿಟ್ಲದಲ್ಲಿ ಮುಗಿಸುವವರು ಯಾವ ಕ್ರಮ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳದಿದ್ದರೆ 14ನೇ ದಿನ ಗೊಂದಲ ಏಳುತ್ತದೆ.

ಚುಚ್ಚಿದ ಮೇಲೆ

ಅರ್ಧ ಗಂಟೆ ಅಲ್ಲೇ ಕುಳಿತಿರಬೇಕು. ತೀವ್ರ ಅಲರ್ಜಿ ಬಹಳ ಅಪರೂಪ; ಬಂದರೆ ಸಾಮಾನ್ಯವಾಗಿ ಆ ಅರ್ಧ ಗಂಟೆಯಲ್ಲೇ ಬರುತ್ತದೆ, ಅದಕ್ಕೆ ಕೊಡುವ ಮದ್ದು ಅಡ್ರಿನಲಿನ್ ಇರುವುದೂ ಅಲ್ಲಿಯೇ. ಹೊಟ್ಟೆಗೆ ಏನೂ ಇಲ್ಲದೆ ಬಂದವರು ತಲೆಸುತ್ತಿ ಬೀಳುವುದುಂಟು, ತಿಂಡಿ ತಿಂದು ಹೋಗಿ. ರಕ್ತ ತೆಳುವಾಗಿಸುವ ಹೆಪಾರಿನ್ ಚುಚ್ಚಿಕೊಳ್ಳುತ್ತಿರುವವರು ಮೊದಲೇ ಹೇಳಬೇಕು. ಸಣ್ಣ ಸೂಜಿ ಬಳಸಿ, ಜಾಗವನ್ನು ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿದರೆ ಸಾಕು. ತೋಳು ನೋವು, ಊತ, ಸಣ್ಣ ಜ್ವರ ಎರಡು ದಿನ ಇರಬಹುದು. ಪ್ಯಾರಸಿಟಮಾಲ್ 500 ಮಿಲಿಗ್ರಾಂ, ಬೇಕಾದರೆ ಆರು ಗಂಟೆ ಬಿಟ್ಟು ಮತ್ತೊಂದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆಯಾಗಬಹುದು.

ಜ್ವರ ಎರಡು ದಿನ ಮೀರಿದರೆ ಅದನ್ನು ಲಸಿಕೆಯ ಜ್ವರ ಎಂದು ಕೂರಬಾರದು. ನಮ್ಮ ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ ಎರಡೂ ಇವೆ. ಮಗುವಿನ ಅಲುಗಾಟ ಕಡಿಮೆಯಾಗುವುದು, ರಕ್ತ ಹೋಗುವುದು, ನೀರು ಹೋಗುವುದು ಲಸಿಕೆಯ ಪರಿಣಾಮಗಳಲ್ಲ. ಯಾವುದೇ ಹೊತ್ತಿಗಾದರೂ ಹೆರಿಗೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳವು.

ಕೋವಿಡ್ ಕಾಲದ ಒಂದು ಪಾಠವನ್ನು ಇಲ್ಲಿ ನೆನೆಯಬೇಕು. 2021ರ ಜನವರಿಯಲ್ಲಿ ದೇಶದಲ್ಲಿ ಲಸಿಕೆ ಶುರುವಾದಾಗ ಗರ್ಭಿಣಿಯರನ್ನು ಹೊರಗಿಟ್ಟರು, ಏಕೆಂದರೆ ಪ್ರಯೋಗಗಳಲ್ಲಿ ಅವರನ್ನು ಸೇರಿಸಿರಲಿಲ್ಲ. ಅವರಿಗೆ ಅನುಮತಿ ಸಿಕ್ಕಿದ್ದು ಜುಲೈ 2ರಂದು, ಎರಡನೇ ಅಲೆ ಬಡಿದುಹೋದ ಮೇಲೆ. ಕೇರಳ ಸರಕಾರ ಆ ತಿಂಗಳೇ ‘ಮಾತೃಕವಚಂ’ ಎಂದು ಅಭಿಯಾನ ಮಾಡಿತು. ಗರ್ಭಿಣಿಯರನ್ನು ‘ಕಾಪಾಡಲು’ ಸಂಶೋಧನೆಯಿಂದ ಹೊರಗಿಟ್ಟರೆ, ರೋಗ ಬಂದ ದಿನ ಅವರಿಗೆ ಕೊಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

‘ಕುತ್ತಿವೆಪ್ಪ್ ಎಡುತ್ತೋ?’

ಈಗ ಗಡಿಯ ವಿಷಯಕ್ಕೆ ಬರೋಣ. ಆಶಾ ಕಾರ್ಯಕರ್ತೆ ಮಲಯಾಳದಲ್ಲಿ ಹೀಗೆ, ಅಂದರೆ ‘ಚುಚ್ಚುಮದ್ದು ಹಾಕಿಸಿಕೊಂಡೆಯಾ?’ ಎಂದು, ಕೇಳುತ್ತಾಳೆ, ಕನ್ನಡದ ಬಸುರಿ ‘ಹೌದು, ಮಂಗಳೂರಿನಲ್ಲಿ ಚುಚ್ಚಿದ್ದಾರೆ’ ಎನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ಮಂಗಳೂರಿನಲ್ಲಿ ಚುಚ್ಚಿದ್ದು ಕಬ್ಬಿಣಾಂಶದ ಡ್ರಿಪ್ ಇರಬಹುದು, ನೆಗೆಟಿವ್ ರಕ್ತದವರಿಗೆ ಕೊಡುವ ಆಂಟಿ-ಡಿ ಇರಬಹುದು, ದಿನ ತುಂಬುವ ಮೊದಲು ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟಿರಾಯ್ಡ್ ಇರಬಹುದು. ಯಾವುದೂ ಲಸಿಕೆ ಅಲ್ಲ. ಪುಸ್ತಕದಲ್ಲಿ ಟಿಡಿ ಆಗಿದೆ ಎಂದು ಗೀಟು ಬೀಳುತ್ತದೆ. ಇನ್ನೊಂದು ಕಡೆ, ದೇರಳಕಟ್ಟೆಯ ಡಾಕ್ಟರು ಟಿಡಿಯನ್ನು ಊರಿನ ಆರೋಗ್ಯ ಕೇಂದ್ರದಲ್ಲಿ ಹಾಕಿಸಿರುತ್ತಾರೆ ಎಂದುಕೊಳ್ಳುತ್ತಾರೆ, ಊರಿನವರು ದೊಡ್ಡಾಸ್ಪತ್ರೆಯಲ್ಲಿ ಆಗಿರುತ್ತದೆ ಎಂದುಕೊಳ್ಳುತ್ತಾರೆ. ‘ಚುಚ್ಚಿದ್ದಾರೆ’ ಎಂಬ ಉತ್ತರ ಸಾಲದು. ಲಸಿಕೆಯ ಹೆಸರು, ತಾರೀಕು, ಬ್ಯಾಚ್ ನಂಬರು ಹೇಳಲು ಬರಬೇಕು.

ಅದಕ್ಕೆ ಮಾಡಬೇಕಾದ್ದು ಹೆಚ್ಚೇನಿಲ್ಲ. ಕರ್ನಾಟಕದ ತಾಯಿ ಕಾರ್ಡು ಕನ್ನಡದಲ್ಲಿರುತ್ತದೆ, ಕೇರಳದ ಕಾರ್ಡಿನ ಅಚ್ಚು ಮಲಯಾಳದಲ್ಲಿದ್ದರೆ ಆಚೆಯ ಸಿಸ್ಟರಿಗೆ ಓದಲು ಬಾರದು. ಲಸಿಕೆಯ ಹೆಸರು ಮತ್ತು ತಾರೀಕನ್ನು ಇಂಗ್ಲಿಷಿನಲ್ಲೂ ಬರೆಸಿಕೊಳ್ಳಿ. ಖಾಸಗಿಯಲ್ಲಿ ಹಾಕಿಸಿದರೆ ಸಿರಿಂಜಿನ ಪೆಟ್ಟಿಗೆಯ ಸ್ಟಿಕರನ್ನು ಫೈಲಿಗೆ ಅಂಟಿಸಿ. ಆ ಪುಟದ ಫೋಟೋ ನಿಮ್ಮ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಇರಲಿ. ಗರ್ಭ ನೋಂದಣಿಯಾದಾಗ ಕೊಡುವ ಹನ್ನೆರಡು ಅಂಕಿಗಳ ಆರ್‌ಸಿಎಚ್ ನಂಬರು ಮತ್ತು ನೋಂದಣಿಗೆ ಕೊಟ್ಟ ಮೊಬೈಲ್ ನಂಬರು ಒಂದೇ ಕಡೆ ಬರೆದಿಡಿ. ಯು-ವಿನ್ ಎಂಬ ಸರಕಾರಿ ಲಸಿಕೆ ದಾಖಲೆಯ ಜಾಲದಲ್ಲಿ ಮೊಬೈಲ್ ನಂಬರಿನಿಂದ ಬೇರೆ ರಾಜ್ಯದಲ್ಲೂ ಲಸಿಕೆ ವಿವರ ತೆಗೆಯಬಹುದು, ಆದರೆ ನೋಂದಣಿ ಮಾವನ ನಂಬರಿನಲ್ಲಿದ್ದು ಒಟಿಪಿ ಕೊಲ್ಲಿಯಲ್ಲಿರುವ ಅವರಿಗೆ ಹೋದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಖಾಸಗಿ ಆಸ್ಪತ್ರೆಯ ಡೋಸ್ ತಾನಾಗಿ ಅದರಲ್ಲಿ ಸೇರಿಕೊಂಡಿದೆ ಎಂದು ನಂಬಿ ಕೂರಬೇಡಿ. ದುಬೈ, ಅಬುಧಾಬಿಯಿಂದ ಹೆರಿಗೆಗೆ ಊರಿಗೆ ಬರುವವರು ಅಲ್ಲಿನ ಲಸಿಕೆ ಕಾರ್ಡು ತರಬೇಕು. ಟಿಡ್ಯಾಪ್ ಅಲ್ಲೇ ಆಗಿದ್ದರೆ ಇಲ್ಲಿ ಮತ್ತೆ ದುಡ್ಡು ಕೊಡಬೇಕಾಗಿಲ್ಲ.

ಆರೋಗ್ಯ ಕೇಂದ್ರದ ಕರಪತ್ರ ಮಲಯಾಳದಲ್ಲಿದ್ದರೆ ಈ ಹೆಸರುಗಳು ಗೊತ್ತಿರಲಿ: ‘ವಿಲ್ಲನ್ ಚುಮ’ ನಾಯಿಕೆಮ್ಮು, ‘ತೊಂಡಮುಳ್ಳ್’ ಗಂಟಲಮಾರಿ, ‘ಅಂಜಾಂಪನಿ’ ದಡಾರ. ಕನ್ನಡದಲ್ಲೇ ಮಾಹಿತಿ ಕೊಡಿ ಎಂದು ಕೇಳಿದರೆ ಅದು ದಾಕ್ಷಿಣ್ಯದ ಮಾತಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿತು. ಲಸಿಕೆಯ ಕರಪತ್ರ ಆ ಅವಕಾಶದ ಅತಿ ಸಣ್ಣ ಮತ್ತು ಅತಿ ಅವಸರದ ಉಪಯೋಗ.

ಹೆರಿಗೆಯ ದಿನ ಕೂಸಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಡೋಸ್ ಆಯಿತೇ ಎಂದು ಕೇಳಿ ಬರೆಸಿಕೊಳ್ಳಿ. ತಾಯಿಯ ಹೆಪಟೈಟಿಸ್ ಬಿ ಪರೀಕ್ಷೆ (ಎಚ್‌ಬಿಎಸ್‌ಎಜಿ) ಪಾಸಿಟಿವ್ ಇದ್ದರೆ ಅದರ ಜೊತೆಗೆ ಇಮ್ಯುನೋಗ್ಲೋಬುಲಿನ್ ಕೂಡ 12 ಗಂಟೆಯೊಳಗೆ ಬೇಕು. ಸಣ್ಣ ಆಸ್ಪತ್ರೆಗಳಲ್ಲಿ ದಾಸ್ತಾನು ಇಲ್ಲದಿರಬಹುದು, ಒಂಬತ್ತನೇ ತಿಂಗಳಲ್ಲೇ ವಿಚಾರಿಸಿಡಬೇಕು. ತೊಟ್ಟಿಲು ಹಾಕುವ ದಿನ ಕೆಮ್ಮುವ ನೆಂಟರು ದೂರದಿಂದಲೇ ಹರಸಲಿ. ತಾಯಿಗೆ ಟಿಡ್ಯಾಪ್ ಆಗಿದೆ ಎಂದು ಮಗುವಿನ ಮೊದಲ ಪೆಂಟಾವಲೆಂಟ್ ಮುಂದೂಡುವಂತಿಲ್ಲ, ತಾಯಿ ಕೊಟ್ಟ ಪ್ರತಿಕಾಯಗಳು ವಾರದಿಂದ ವಾರಕ್ಕೆ ಇಳಿಯುತ್ತಿರುತ್ತವೆ. ಹುಟ್ಟಿದ ದಿನದಿಂದ 42 ದಿನ ಎಣಿಸಿ, ಅದಾದ ಮೇಲೆ ಬರುವ ಮೊದಲ ಲಸಿಕೆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕೇರಳದ ಆರೋಗ್ಯ ಕೇಂದ್ರಗಳಲ್ಲಿ ಅದು ಸಾಮಾನ್ಯವಾಗಿ ಬುಧವಾರ, ಗಡಿಯಾಚೆ ಗುರುವಾರ. ಬಾಣಂತಿ ಆಗ ಯಾವ ಮನೆಯಲ್ಲಿ ಇರುತ್ತಾಳೋ ಆ ಕಡೆಯ ವಾರ ನೋಡಿಕೊಳ್ಳಿ.